ಹಿತ್ತಲ ಗಿಡವೂ ಹೊರಗಣ ಗುರುವೂ

ಹಿತ್ತಲ ಗಿಡ ಮದ್ದಲ್ಲ ಎಂಬುದು ನಮ್ಮಲ್ಲಿ ಎಲ್ಲರೂ ಬಲ್ಲ ಗಾದೆ. ಮನೆಯ ಹಿಂದೆಯೇ ಬೆಳೆದ ಗಿಡದ ಗುಣವನ್ನು ಮರೆತು, ದೂರದೂರಿನ ಪಂಡಿತನ ಗುಳಿಗೆಗೆ ಕೈಯೊಡ್ಡುವವರನ್ನು ಕುರಿತು ಹಿರಿಯರು ಆಡಿದ ಮಾತು ಇದು. ಗಾದೆಯಲ್ಲಿ ಗಿಡದ ಪರವಾದ ವ್ಯಥೆಯಿದೆ. ಆದರೆ ಹಿತ್ತಲಲ್ಲಿ ಬೆಳೆದ ಮಾತ್ರಕ್ಕೆ ಪ್ರತಿಯೊಂದು ಗಿಡವೂ ಮದ್ದಾಗುವುದಿಲ್ಲ ಎಂಬುದೂ ಅಷ್ಟೇ ನಿಜ. ಈ ಎರಡು ಸತ್ಯಗಳ ನಡುವಣ ಜಗಳ ಸ್ಪಷ್ಟವಾಗಿ ಕಾಣುವ ಸ್ಥಳಗಳಲ್ಲಿ ಫುಟ್‌ಬಾಲ್ ಮೈದಾನವೂ ಒಂದು. ಪರದೇಶದಿಂದ ಬಂದ ಕಿರಿಯನೊಬ್ಬ ದೊಡ್ಡ ತಂಡದ ತರಬೇತಿಯ ಹೊಣೆ ಹೊತ್ತ ಕೂಡಲೇ, ಅದೇ ಕಸುಬಿನಲ್ಲಿ ತಲೆ ನರೆತ ಸ್ಥಳೀಯರ ಮನಸ್ಸು ಕಹಿಯಾಗುತ್ತದೆ. ಆ ಕಹಿಯಲ್ಲಿ ಅಸೂಯೆ ಎಷ್ಟು, ನ್ಯಾಯ ಎಷ್ಟು ಎಂಬುದನ್ನು ತೂಗಿ ನೋಡುವುದು ಈ ಲೇಖನದ ಉದ್ದೇಶ.

ಹಿಂದೂಪುರ, ಕಲ್ಯಾಣದುರ್ಗಗಳ ವಾಚಕರಿಗೆ ಇದು ದೂರದ ವಿಷಯವಲ್ಲ. 1969ರಲ್ಲಿ ಸ್ಪೇನಿನ ವಿನ್ಸೆಂಟ್ ಫೆರರ್ ಅವರು ಬರಪೀಡಿತ ಅನಂತಪುರಕ್ಕೆ ಬಂದು ಗ್ರಾಮೀಣ ಅಭಿವೃದ್ಧಿ ಟ್ರಸ್ಟನ್ನು, ಅಂದರೆ ಇಂದು ಮನೆಮಾತಾಗಿರುವ ಆರ್‌ಡಿಟಿಯನ್ನು ಕಟ್ಟಿದರು. ಅದಕ್ಕೆ ಮುನ್ನ ಮಹಾರಾಷ್ಟ್ರದ ಮನಮಾಡದಲ್ಲಿ ದುಡಿಯುತ್ತಿದ್ದ ಅವರನ್ನು, ಅಲ್ಲಿನ ಪ್ರಬಲರ ವಿರೋಧದ ಫಲವಾಗಿ, 1968ರಲ್ಲಿ ದೇಶದಿಂದಲೇ ಹೊರಗೆ ಕಳುಹಿಸಲಾಗಿತ್ತು. ಹೊರಗಿನವನೆಂಬ ಅನುಮಾನದ ಬಿಸಿ ಅವರಿಗೂ ತಟ್ಟಿದ್ದೇ. 2009ರಲ್ಲಿ ಅವರು ತೀರಿಕೊಂಡಾಗ ಇದೇ ಸೀಮೆಯ ಬಡಜನರು ತಮ್ಮ ಮನೆಯ ಹಿರಿಯನನ್ನು ಕಳೆದುಕೊಂಡವರಂತೆ ಮರುಗಿದರು. ಆಸ್ಪತ್ರೆ, ಶಾಲೆ, ಮನೆಗಳ ಜೊತೆಗೆ ಆ ಸಂಸ್ಥೆ ಆಟವನ್ನೂ ಕೈಗೆತ್ತಿಕೊಂಡಿತು. ಅನಂತಪುರದ ಅದರ ಕ್ರೀಡಾಗ್ರಾಮದಲ್ಲಿ 2010ರಲ್ಲಿ ರಾಫೆಲ್ ನಡಾಲ್ ಅವರ ಹೆಸರಿನ ಟೆನಿಸ್ ಶಾಲೆ ತೆರೆಯಿತು. ಫುಟ್‌ಬಾಲಿಗೆ ಸ್ಪೇನಿನ ಲಾ ಲಿಗಾ ಕೈಜೋಡಿಸಿತು. ಹೀಗಾಗಿ ಪರದೇಶದ ಗುರುವನ್ನು ಕಣ್ಣಾರೆ ಕಾಣುವ ಅವಕಾಶ ನಮ್ಮ ಹಳ್ಳಿಗಾಡಿನ ಮಕ್ಕಳಿಗೂ ಒದಗಿದೆ. ಆ ಗುರು ಬರುವುದಕ್ಕೆ ಮುಂಚೆ ಇದೇ ಮಕ್ಕಳ ಅಣ್ಣಂದಿರಿಗೆ, ಅಪ್ಪಂದಿರಿಗೆ ಚೆಂಡು ಒದೆಯಲು ಕಲಿಸಿದವರು ಊರ ಶಾಲೆಯ ಡ್ರಿಲ್ ಮೇಷ್ಟ್ರು. ಅವರ ಸ್ಥಾನವೇನು ಎಂಬ ಪ್ರಶ್ನೆ ಸಹಜವಾಗಿಯೇ ಹುಟ್ಟುತ್ತದೆ.

ಈ ಬಗೆಯ ಮುನಿಸು ಮುಚ್ಚುಮರೆಯಿಲ್ಲದೆ ಹೊರಬಿದ್ದದ್ದು ಇಂಗ್ಲೆಂಡಿನಲ್ಲಿ. ಅಲ್ಲಿ ತರಬೇತುದಾರನನ್ನು ‘ಮ್ಯಾನೇಜರ್’ ಎನ್ನುತ್ತಾರೆ. ಆಟ ಕಲಿಸುವುದು ಮಾತ್ರವಲ್ಲ, ತಂಡ ಕಟ್ಟುವುದು, ಆಟಗಾರರನ್ನು ಕೊಳ್ಳುವುದು, ಕೈಬಿಡುವುದು ಎಲ್ಲವೂ ಬಹುಕಾಲ ಅವನ ಕೈಯಲ್ಲಿದ್ದವು. 1996ರ ಶರತ್ಕಾಲದಲ್ಲಿ ಲಂಡನ್ನಿನ ಆರ್ಸೆನಲ್ ಕ್ಲಬ್ಬು ಜಪಾನಿನ ನಗೋಯಾ ತಂಡದಲ್ಲಿದ್ದ ಫ್ರಾನ್ಸಿನ ಆರ್ಸೆನ್ ವೆಂಗರ್ ಅವರನ್ನು ಕರೆಸಿಕೊಂಡಿತು. ವಯಸ್ಸಿನಲ್ಲಿ ಅವರು ತೀರ ಕಿರಿಯರಲ್ಲ, 46 ವರ್ಷದವರು. ಆದರೆ ಇಂಗ್ಲೆಂಡಿಗೆ ಹೊಸಬರು. ಆರ್ಸೆನ್ ಯಾರು ಎಂದು ಲಂಡನ್ನಿನ ಪತ್ರಿಕೆಯೊಂದು ತಲೆಬರಹದಲ್ಲೇ ಕೇಳಿತು. ಮ್ಯಾಂಚೆಸ್ಟರ್ ಯುನೈಟೆಡ್ಡಿನ ಅಲೆಕ್ಸ್ ಫರ್ಗ್ಯುಸನ್ ಅವರು ಆ ವೇಳೆಗೆ ಅಲ್ಲಿನ ಕಸುಬಿನ ಯಜಮಾನರು. ಜಪಾನಿನಿಂದ ಈಗತಾನೆ ಬಂದವರು ತಮ್ಮ ಅಭಿಪ್ರಾಯಗಳನ್ನು ಜಪಾನಿನ ಫುಟ್‌ಬಾಲಿಗೇ ಮೀಸಲಿಡಲಿ ಎಂಬ ಅರ್ಥದ ಮಾತನ್ನು ಅವರು ಬಹಿರಂಗವಾಗಿ ಆಡಿದರು. ಮರುವರ್ಷದ ಋತುವಿನಲ್ಲಿ, ಅಂದರೆ 1998ರಲ್ಲಿ, ಆರ್ಸೆನಲ್ ಲೀಗನ್ನೂ ಎಫ್.ಎ. ಕಪ್ಪನ್ನೂ ಒಟ್ಟಿಗೆ ಗೆದ್ದಿತು.

ಇದಕ್ಕಿಂತ ದೊಡ್ಡ ಗದ್ದಲವೆದ್ದದ್ದು 2000ದ ಕೊನೆಯಲ್ಲಿ, ಸ್ವೀಡನ್ನಿನ ಸ್ವೆನ್ ಯೋರನ್ ಎರಿಕ್ಸನ್ ಅವರನ್ನು ಇಂಗ್ಲೆಂಡಿನ ರಾಷ್ಟ್ರೀಯ ತಂಡಕ್ಕೆ ನೇಮಿಸಿದಾಗ. ಆ ಪೀಠದಲ್ಲಿ ಕುಳಿತ ಮೊದಲ ವಿದೇಶೀಯರು ಅವರು. ಇದು ನಮ್ಮ ಪರಂಪರೆಗೆ ಬಗೆದ ದ್ರೋಹವೆಂದು ಆಟಗಾರರ ಸಂಘದ ಮುಖ್ಯಸ್ಥರು ಖಂಡಿಸಿದರು; ಮ್ಯಾನೇಜರುಗಳ ಸಂಘದ ಮುಖ್ಯಸ್ಥರಾಗಿದ್ದ ಜಾನ್ ಬಾರ್ನ್‌ವೆಲ್ ಅವರು ಇದು ನಮ್ಮ ವೃತ್ತಿಗೆ ಮಾಡಿದ ಅವಮಾನವೆಂದು ಸಾರಿದರು. 2001ರ ಸೆಪ್ಟೆಂಬರ್ 1ರಂದು ಮ್ಯೂನಿಕ್‌ನಲ್ಲಿ ಇಂಗ್ಲೆಂಡ್ ಜರ್ಮನಿಯನ್ನು 5–1ರಿಂದ ಸೋಲಿಸಿದ ಮೇಲೆ ಆ ಕೂಗು ಕೆಲಕಾಲ ಅಡಗಿತು.

ಇವೆರಡು ಉದಾಹರಣೆಗಳನ್ನಷ್ಟೇ ನೋಡಿದರೆ ತೀರ್ಪು ಸುಲಭ. ಹಳಬರು ಹೊಟ್ಟೆಕಿಚ್ಚಿನಿಂದ ಕೂಗಿದರು, ಹೊಸಬರು ಗೆದ್ದು ಬಾಯಿ ಮುಚ್ಚಿಸಿದರು ಎಂದು ಬರೆದು ಮುಗಿಸಬಹುದು. ಆದರೆ ಹೊಸಬರೆಲ್ಲ ಗೆಲ್ಲುವುದಿಲ್ಲ. ಪೋರ್ಚುಗಲ್ಲಿನ ಆಂದ್ರೆ ವಿಲಾಸ್ ಬೋವಾಸ್ ಅವರು 2011ರಲ್ಲಿ ಪೋರ್ತು ತಂಡಕ್ಕೆ ಯುರೋಪಾ ಲೀಗ್ ಗೆದ್ದುಕೊಟ್ಟಾಗ ಅವರಿಗೆ 33 ವರ್ಷ. ಅದೇ ವರ್ಷ ಲಂಡನ್ನಿನ ಚೆಲ್ಸಿ ಅವರನ್ನು ಕರೆತಂದಿತು. ತಂಡದ ಹಿರಿಯ ಆಟಗಾರರಾದ ಲ್ಯಾಂಪಾರ್ಡ್, ದ್ರೋಗ್ಬಾ ಇಬ್ಬರೂ ಅವರ ಓರಗೆಯವರು. ಹಳಬರನ್ನು ಪಕ್ಕಕ್ಕೆ ಸರಿಸಿ ತಂಡವನ್ನು ಬೇಗಬೇಗನೆ ಬದಲಿಸಹೊರಟ ಅವರು 2012ರ ಮಾರ್ಚಿನಲ್ಲಿ ಕೆಲಸ ಕಳೆದುಕೊಂಡರು. ಎರಡೂವರೆ ತಿಂಗಳ ಬಳಿಕ ಅದೇ ಹಳಬರು, ಅವರ ಸಹಾಯಕರಾಗಿದ್ದ ದಿ ಮತ್ತೆಯೊ ಅವರ ಕೈಕೆಳಗೆ, ಯುರೋಪಿನ ಅತ್ಯುನ್ನತ ಕಪ್ಪಾದ ಚಾಂಪಿಯನ್ಸ್ ಲೀಗನ್ನು ಗೆದ್ದರು. ಬಂದವನು ಜಾಣನಾದರೆ ಸಾಲದು, ತಾನು ಕಾಲಿಟ್ಟ ಮನೆಯ ಹಿರಿಯರನ್ನು ಅರಿತವನೂ ಆಗಿರಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಈಗ ನಮ್ಮ ಸಮೀಪಕ್ಕೆ ಬರೋಣ. ಹಿಂದೂಪುರದಲ್ಲಿ ರೈಲು ಹತ್ತಿದರೆ ಗೌರಿಬಿದನೂರು, ದೊಡ್ಡಬಳ್ಳಾಪುರ ದಾಟಿ ಬೆಂಗಳೂರು. ಆ ನಗರಕ್ಕೆ ಫುಟ್‌ಬಾಲಿನಲ್ಲಿ ಹಳೆಯ ಹೆಸರಿದೆ. 1946–47ರಲ್ಲಿ ಮೈಸೂರು ತಂಡ ಬಂಗಾಳವನ್ನು ಸೋಲಿಸಿ ಸಂತೋಷ್ ಟ್ರೋಫಿ ಗೆದ್ದಿತ್ತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸ್ವತಂತ್ರ ಭಾರತದ ಮೊದಲ ಗೋಲು ಹೊಡೆದವರು ಬೆಂಗಳೂರಿನ ಸಾರಂಗಪಾಣಿ ರಾಮನ್. ಹಿತ್ತಲಲ್ಲಿ ಇಷ್ಟೆಲ್ಲ ಬೆಳೆದಿದ್ದ ಆ ನಗರದಲ್ಲಿ 2013ರ ಜುಲೈನಲ್ಲಿ ಜೆಎಸ್‌ಡಬ್ಲ್ಯೂ ಸಮೂಹವು ಬೆಂಗಳೂರು ಎಫ್‌ಸಿ ಎಂಬ ಹೊಸ ಕ್ಲಬ್ಬನ್ನು ಸ್ಥಾಪಿಸಿ, ಇಂಗ್ಲೆಂಡಿನ ಆಶ್ಲಿ ವೆಸ್ಟ್‌ವುಡ್ ಅವರನ್ನು ತರಬೇತುದಾರರನ್ನಾಗಿ ನೇಮಿಸಿತು. ಅವರಿಗಾಗ 36 ವರ್ಷ. ಬಾಲ್ಯದಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ಡಿನ ಕಿರಿಯರ ತಂಡದಲ್ಲಿ ಕಲಿತವರು, ಮುಂದೆ ಇಂಗ್ಲೆಂಡಿನ ಕೆಳಹಂತದ ಕ್ಲಬ್ಬುಗಳಲ್ಲಿ ರಕ್ಷಣಾ ಆಟಗಾರರಾಗಿ ಆಡಿದವರು, ಬಳಿಕ ಬೇರೊಬ್ಬರ ಕೈಕೆಳಗೆ ಸಹಾಯಕರಾಗಿದ್ದವರು. ಸ್ವತಂತ್ರ ಹೊಣೆ ಹೊತ್ತದ್ದು ಇದೇ ಮೊದಲು.

ಅವರ ಎದುರಿಗೆ ನಿಂತವರಾದರೂ ಯಾರು? ಗೋವಾದ ಅರ್ಮಾಂಡೊ ಕೊಲಾಸೊ ಅವರು ಡೆಂಪೊ ತಂಡಕ್ಕೆ ಐದು ಸಲ ರಾಷ್ಟ್ರೀಯ ಲೀಗ್ ಗೆದ್ದುಕೊಟ್ಟವರು; ಆ ಋತುವಿನ ನಡುವೆ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡದ ಹೊಣೆ ವಹಿಸಿಕೊಂಡಿದ್ದರು. 2014ರ ಏಪ್ರಿಲ್ 21ರಂದು ಮಡಗಾಂವಿನಲ್ಲಿ ಬೆಂಗಳೂರು ತಂಡ ಡೆಂಪೊವನ್ನು 4–2ರಿಂದ ಸೋಲಿಸಿ, ಹುಟ್ಟಿದ ವರ್ಷವೇ ಐ-ಲೀಗ್ ಗೆದ್ದಿತು. ಎರಡನೆಯ ಸ್ಥಾನ ಕೊಲಾಸೊ ಅವರ ಈಸ್ಟ್ ಬೆಂಗಾಲಿಗೆ ಸಂದಿತು. ಐದು ಕಿರೀಟ ಧರಿಸಿದ ಹಿರಿಯರ ಜಾಗದಲ್ಲಿ ನಿಂತು ವಾಚಕರು ಒಂದು ಕ್ಷಣ ಯೋಚಿಸಬೇಕು. ಎದುರಾಳಿ ಕಿರಿಯ, ಪರದೇಶಿ, ನಿನ್ನೆ ಬಂದವ. ಅವನ ಬೆನ್ನಿಗೆ ದೊಡ್ಡ ಉದ್ಯಮದ ಹಣವಿದೆ. ಆ ಸೋಲನ್ನು ನಗುಮುಖದಿಂದ ಸ್ವೀಕರಿಸಲು ಸಂತನಾಗಿರಬೇಕು. ಹಾಗೆಂದು ಬಂದವನ ದುಡಿಮೆಯನ್ನು ಅಲ್ಲಗಳೆಯುವಂತೆಯೂ ಇಲ್ಲ. ಆಟಗಾರರ ದೇಹದಾರ್ಢ್ಯ, ಊಟ, ವಿಶ್ರಾಂತಿಗಳಲ್ಲಿ ಅವರು ತಂದ ಶಿಸ್ತು ಮೈದಾನದಲ್ಲಿ ಕಂಡಿತು.

ಭಾರತದ ತರಬೇತುದಾರರ ಅಸಮಾಧಾನಕ್ಕೆ ಅಸೂಯೆಗಿಂತ ಗಟ್ಟಿಯಾದ ಕಾರಣಗಳು ಬೇರೆ ಇದ್ದವು. ಮೊದಲನೆಯದು ಪರವಾನಗಿ, ಅಂದರೆ ಲೈಸೆನ್ಸು. ತರಬೇತುದಾರನಾಗಲು ಇಂದು ಭಾರತದಲ್ಲಿ ‘ಡಿ’ಯಿಂದ ಮೊದಲುಗೊಂಡು ‘ಸಿ’, ‘ಬಿ’, ‘ಎ’ ಎಂಬ ಮೆಟ್ಟಿಲುಗಳನ್ನು ಹತ್ತಬೇಕು. ತುದಿಯಲ್ಲಿ ‘ಪ್ರೊ’ ಲೈಸೆನ್ಸು. ಸುಭಾಷ್ ಭೌಮಿಕ್ ಅವರು ಈಸ್ಟ್ ಬೆಂಗಾಲಿಗೆ ಸತತ ಎರಡು ರಾಷ್ಟ್ರೀಯ ಲೀಗುಗಳನ್ನೂ 2003ರ ಆಸಿಯಾನ್ ಕ್ಲಬ್ ಕಪ್ಪನ್ನೂ ಗೆದ್ದುಕೊಟ್ಟವರು. ಆದರೆ ಬೇಕಾದ ಲೈಸೆನ್ಸಿಲ್ಲದ ಕಾರಣ, 2012–13ರಲ್ಲಿ ಗೋವಾದ ಚರ್ಚಿಲ್ ಬ್ರದರ್ಸ್ ಲೀಗ್ ಗೆದ್ದಾಗ ಅವರು ‘ತಾಂತ್ರಿಕ ನಿರ್ದೇಶಕ’ರೆಂಬ ಹೆಸರಿನಲ್ಲಿ ಇರಬೇಕಾಯಿತು, ಮುಖ್ಯ ತರಬೇತುದಾರರೆಂದು ಬರೆದದ್ದು ಇನ್ನೊಬ್ಬರ ಹೆಸರು. ನಿಯಮ ತಪ್ಪೆಂದು ಹೇಳಲಾಗದು. ಹಳೆಯ ಅನುಭವವೊಂದನ್ನೇ ನೆಚ್ಚಿದರೆ ಆಟ ಮುಂದೆ ಸಾಗದು. ಆದರೆ ಜೀವಮಾನವಿಡೀ ಮೈದಾನದಲ್ಲಿ ಬೆವರು ಸುರಿಸಿದವನಿಗೆ ಐವತ್ತು ಅರವತ್ತರ ವಯಸ್ಸಿನಲ್ಲಿ ಮತ್ತೆ ಪರೀಕ್ಷೆಗೆ ಕೂರಿಸಿದಾಗ ಆಗುವ ನೋವು ಸುಳ್ಳಲ್ಲ.

ಎರಡನೆಯದು ಬಾಗಿಲು. 2014ರ ಅಕ್ಟೋಬರಿನಲ್ಲಿ ಇಂಡಿಯನ್ ಸೂಪರ್ ಲೀಗ್ ಆರಂಭವಾದಾಗ ಎಂಟು ತಂಡಗಳ ಎಂಟೂ ಮುಖ್ಯ ತರಬೇತುದಾರರು ವಿದೇಶೀಯರು. ಭಾರತೀಯರಿಗೆ ಸಹಾಯಕರ ಕುರ್ಚಿ ಮಾತ್ರ. ಗೆದ್ದು ತೋರಿಸಿ ಎನ್ನುವುದು ಸುಲಭ. ಕಣಕ್ಕೇ ಬಿಡದಿದ್ದರೆ ಗೆಲ್ಲುವುದೆಲ್ಲಿ? ಇಂಗ್ಲೆಂಡಿನವರ ದೂರಿನಲ್ಲಿಯೂ ಇದೇ ಎಳೆಯಿದೆ. 1992ರಲ್ಲಿ ಲೀಡ್ಸ್ ತಂಡದ ಹೋವರ್ಡ್ ವಿಲ್ಕಿನ್ಸನ್ ಗೆದ್ದ ಬಳಿಕ ಅಲ್ಲಿನ ಅಗ್ರ ಲೀಗನ್ನು ಯಾವ ಇಂಗ್ಲಿಷ್ ಮ್ಯಾನೇಜರೂ ಗೆದ್ದಿಲ್ಲ. ಗೆಲ್ಲುವ ಬಲವುಳ್ಳ ಶ್ರೀಮಂತ ಕ್ಲಬ್ಬುಗಳು ಸ್ಥಳೀಯರನ್ನು ಕರೆಯುವುದು ಅಪರೂಪ, ಕರೆಯದಿದ್ದುದರಿಂದ ಗೆಲುವಿಲ್ಲ, ಗೆಲುವಿಲ್ಲದ್ದರಿಂದ ಕರೆಯಿಲ್ಲ. ಗಾಣದ ಎತ್ತಿನಂತೆ ಸುತ್ತಿದಲ್ಲಿಯೇ ಸುತ್ತು.

ಈ ದೂರಿಗೆ ತಕ್ಕ ಉತ್ತರವೊಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿಯೇ ಮೂಡಿತು. 2015ರ ಮೇ 31. ಐ-ಲೀಗಿನ ಕೊನೆಯ ಪಂದ್ಯ. ವೆಸ್ಟ್‌ವುಡ್ ಅವರ ಬೆಂಗಳೂರು ಗೆಲ್ಲಲೇಬೇಕು. ಕಲ್ಕತ್ತೆಯ ಮೋಹನ್ ಬಾಗಾನಿಗೆ ಸಮಬಲವಾದರೂ ಸಾಕು. ಬಾಗಾನಿನ ತರಬೇತುದಾರರು ಬಂಗಾಳದವರೇ ಆದ ಸಂಜಯ್ ಸೇನ್. ಹಿಂದಿನ ಡಿಸೆಂಬರಿನಲ್ಲಷ್ಟೇ ಅವರು, ಮೇಲೆ ಹೆಸರಿಸಿದ ಭೌಮಿಕ್ ಅವರ ಸ್ಥಾನಕ್ಕೆ ಬಂದಿದ್ದರು. ಮೊದಲರ್ಧದಲ್ಲಿ ಜಾನ್ ಜಾನ್ಸನ್ ಬೆಂಗಳೂರಿಗೆ ಗೋಲು ಗಳಿಸಿಕೊಟ್ಟರು. ಪಂದ್ಯ ಮುಗಿಯಲು ಕೆಲವೇ ನಿಮಿಷಗಳಿದ್ದಾಗ ಬಾಗಾನಿನ ಬೆಲ್ಲೊ ರಜಾಕ್ ತಲೆಯಿಂದ ಚೆಂಡನ್ನು ಬಲೆಗೆ ಸೇರಿಸಿದರು. 1–1. ಹದಿಮೂರು ವರ್ಷಗಳ ಬಳಿಕ ಮೋಹನ್ ಬಾಗಾನ್ ರಾಷ್ಟ್ರೀಯ ಲೀಗ್ ಗೆದ್ದಿತು. ಮರುವರ್ಷ, 2016ರಲ್ಲಿ, ವೆಸ್ಟ್‌ವುಡ್ ಕಿರೀಟವನ್ನು ಮರಳಿ ಪಡೆದು ಆ ಬೇಸಿಗೆಯಲ್ಲಿ ಬೆಂಗಳೂರಿಗೆ ವಿದಾಯ ಹೇಳಿದರು. ಹಿತ್ತಲ ಗಿಡವೂ ಹೊರಗಿನ ಗುಳಿಗೆಯೂ ಒಂದೇ ಕಣದಲ್ಲಿ ಸೆಣಸಿ ಮೂರು ವರ್ಷ ಭಾರತೀಯ ಫುಟ್‌ಬಾಲಿನ ಮಟ್ಟವನ್ನು ಏರಿಸಿದವೆಂದರೆ ತಪ್ಪಾಗದು. ಬಾಗಿಲು ತೆರೆದಿದ್ದರೆ ಅಸೂಯೆಯೂ ಹೀಗೆ ಹುರುಡಾಗಿ ಮಾರ್ಪಡುತ್ತದೆ.

ಆದರೂ ಮುಂದಿನ ಕಥೆ ಕಹಿಯೇ. ಲೀಗ್ ಗೆದ್ದ ಸೇನ್ ಅವರಿಗೆ ಸೂಪರ್ ಲೀಗಿನಲ್ಲಿ ದೊರೆತದ್ದು ವಿದೇಶೀ ತರಬೇತುದಾರರ ಸಹಾಯಕನ ಸ್ಥಾನ. 2024ರ ಡಿಸೆಂಬರ್ 31ರಂದು ಹೈದರಾಬಾದಿನಲ್ಲಿ ಪಶ್ಚಿಮ ಬಂಗಾಳ ಕೇರಳವನ್ನು ಮಣಿಸಿ ಸಂತೋಷ್ ಟ್ರೋಫಿ ಗೆದ್ದಾಗ ಆ ತಂಡದ ಗುರು ಇದೇ ಸೇನ್. ಐಜ್ವಾಲಿನಂಥ ಪುಟ್ಟ ಊರಿನ ತಂಡಕ್ಕೆ 2017ರಲ್ಲಿ ಐ-ಲೀಗ್ ಗೆದ್ದುಕೊಟ್ಟ ಖಾಲಿದ್ ಜಮೀಲ್ ಅವರೂ ಸೂಪರ್ ಲೀಗಿನಲ್ಲಿ ಖಾಯಂ ಮುಖ್ಯ ತರಬೇತುದಾರರಾಗಲು 2021ರವರೆಗೆ ಕಾಯಬೇಕಾಯಿತು. ಆ ಪಟ್ಟಕ್ಕೇರಿದ ಮೊದಲ ಭಾರತೀಯರು ಅವರೇ. 2025ರ ಆಗಸ್ಟಿನಲ್ಲಿ ರಾಷ್ಟ್ರೀಯ ತಂಡವೂ ಅವರ ಕೈಗೆ ಬಂದಿತು. ಬೆಂಗಳೂರು ಎಫ್‌ಸಿಯ ಮಟ್ಟಿಗೆ 2013ರಿಂದ 2023ರವರೆಗೆ ಖಾಯಂ ಹೊಣೆ ಹೊತ್ತವರು ಆರು ಜನ: ಇಬ್ಬರು ಇಂಗ್ಲಿಷರು, ಮೂವರು ಸ್ಪೇನಿನವರು, ಒಬ್ಬರು ಜರ್ಮನಿಯವರು. ನಡುನಡುವೆ ಕುರ್ಚಿ ತೆರವಾದಾಗ 2021ರಲ್ಲಿ ನೌಷಾದ್ ಮೂಸಾ, 2023ರಲ್ಲಿ ರೆನೆಡಿ ಸಿಂಗ್ ತಂಡವನ್ನು ನಡೆಸಿದರು. ಮನೆಯ ದೀಪ ಆರಿದಾಗ ಮಾತ್ರ ಹಿತ್ತಲವನನ್ನು ಕರೆಯುವ ಈ ಪದ್ಧತಿಯನ್ನು ಯಾರಾದರೂ ಪ್ರಶ್ನಿಸಿದರೆ ಅದನ್ನು ಹೊಟ್ಟೆಕಿಚ್ಚೆಂದು ತಳ್ಳಿಹಾಕುವುದು ನ್ಯಾಯವಲ್ಲ.

ಹಾಗಾದರೆ ಸ್ಥಳೀಯ ಗುರುವಿನ ಮಾದರಿ ಯಾವುದು? ಅದಕ್ಕೆ ನಾವು ಲಂಡನ್ನಿಗೆ ಹೋಗಬೇಕಿಲ್ಲ. ಹೈದರಾಬಾದಿನ ಸೈಯದ್ ಅಬ್ದುಲ್ ರಹೀಂ ಅವರು ಶಾಲಾ ಉಪಾಧ್ಯಾಯರು. ದೈಹಿಕ ಶಿಕ್ಷಣದಲ್ಲಿ ಡಿಪ್ಲೊಮಾ ಪಡೆದು, ಹೈದರಾಬಾದ್ ಸಿಟಿ ಪೊಲೀಸ್ ತಂಡವನ್ನು ಪಳಗಿಸಿದವರು. 1951ರ ದೆಹಲಿ ಏಷ್ಯನ್ ಕ್ರೀಡೆಗಳಲ್ಲಿ ಅವರ ಭಾರತ ತಂಡ ಚಿನ್ನ ಗೆದ್ದಿತು. ಮರುವರ್ಷವೇ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಯುಗೊಸ್ಲಾವಿಯಾ ಎದುರು 10–1ರ ಹೀನಾಯ ಸೋಲು. ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಅಹಮದ್ ಖಾನ್. ರಹೀಂ ಅವರು ಹೊರಗಿನವರನ್ನು ಶಪಿಸುತ್ತ ಕೂರಲಿಲ್ಲ. ಯುರೋಪಿನವರ ಆಟದ ಕಟ್ಟನ್ನು ಅಭ್ಯಸಿಸಿ, ತಮ್ಮ ಹುಡುಗರ ಮೈಕಟ್ಟಿಗೆ, ಚುರುಕಿಗೆ ಒಗ್ಗುವಂತೆ ತಿದ್ದಿದರು. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ಆಸ್ಟ್ರೇಲಿಯಾವನ್ನು 4–2ರಿಂದ ಸೋಲಿಸಿದ ಭಾರತ, ಉಪಾಂತ್ಯ ಮುಟ್ಟಿದ ಏಷ್ಯದ ಮೊದಲ ತಂಡವೆನಿಸಿ ನಾಲ್ಕನೆಯ ಸ್ಥಾನ ಪಡೆಯಿತು. 1962ರಲ್ಲಿ ಜಕಾರ್ತದಲ್ಲಿ ಕೊರಿಯಾವನ್ನು 2–1ರಿಂದ ಸೋಲಿಸಿ ಮತ್ತೆ ಚಿನ್ನ. ಆಗಲೇ ಕ್ಯಾನ್ಸರಿಗೆ ತುತ್ತಾಗಿದ್ದ ಅವರು 1963ರ ಜೂನ್‌ನಲ್ಲಿ ನಿಧನರಾದರು. ಮರುವರ್ಷ ಇಂಗ್ಲೆಂಡಿನ ಹ್ಯಾರಿ ರೈಟ್ ಅವರ ಕೈಕೆಳಗೆ ಭಾರತ ಏಷ್ಯನ್ ಕಪ್ಪಿನಲ್ಲಿ ಎರಡನೆಯ ಸ್ಥಾನ ಗಳಿಸಿತು. ರೈಟ್ ಅವರಿಗೆ ದೊರೆತದ್ದು ರಹೀಂ ಹದಗೊಳಿಸಿದ ನೆಲ. ಹೊರಗಿನ ಬೀಜ ಮೊಳೆಯಬೇಕಾದರೂ ಊರಿನವನು ಉತ್ತ ಹೊಲ ಬೇಕು.

ಈ ಎಲ್ಲ ಪ್ರಸಂಗಗಳಿಂದ ಒಂದು ಮಾತು ಖಚಿತವಾಗುತ್ತದೆ. ಕಿರಿಯನೆಂದೋ ಪರದೇಶಿಯೆಂದೋ ಒಬ್ಬನನ್ನು ಹೀಯಾಳಿಸುವುದು ಸಣ್ಣತನ. ಆದರೆ ನಮ್ಮವರಿಗೆ ಕಲಿಯುವ ಮೆಟ್ಟಿಲೇ ಇಲ್ಲ, ಕಲಿತರೆ ಕುರ್ಚಿಯಿಲ್ಲ ಎಂಬುದು ದೂರಲ್ಲ, ಹಕ್ಕಿನ ಮಾತು. ಇವೆರಡನ್ನೂ ಒಂದೇ ಚೀಲಕ್ಕೆ ತುಂಬುವುದರಿಂದಲೇ ಚರ್ಚೆ ಕೆಡುತ್ತದೆ. ಪರಸ್ಥಳದಿಂದ ಬಂದ ಗುರುವನ್ನು ಅಳೆಯಬೇಕಾದದ್ದು ಅವನು ಗೆದ್ದ ಕಪ್ಪುಗಳಿಂದ ಮಾತ್ರವಲ್ಲ; ಹೊರಡುವಾಗ ಅವನು ಸೀಟಿಯನ್ನು ಯಾರ ಕೈಗೆ ಕೊಟ್ಟು ಹೋದ ಎಂಬುದರಿಂದ.

ನಮ್ಮ ಸೀಮೆಗೆ ಈ ಅಳತೆ ಇನ್ನೂ ಹೆಚ್ಚು ಸಲ್ಲುತ್ತದೆ. 2022ರ ಏಪ್ರಿಲಿನಲ್ಲಿ ಜಿಲ್ಲೆ ಎರಡಾಗಿ ಹಿಂದೂಪುರ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಎರಡೂ ಕಡೆ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಆಡುವ ಮಕ್ಕಳಿದ್ದಾರೆ. ಹೊರಗಿನಿಂದ ಬಂದ ಗುರು ಇಂಗ್ಲಿಷಿನಲ್ಲಿ ಹೇಳಿದ ಪಾಠ ಆ ಮಕ್ಕಳ ಕಾಲಿಗಿಳಿಯಬೇಕಾದರೆ ನಡುವೆ ಒಬ್ಬ ಊರ ಮೇಷ್ಟ್ರು ಬೇಕೇ ಬೇಕು. ಯಾವ ಹುಡುಗ ಉಪವಾಸದಲ್ಲಿ ಬಂದಿದ್ದಾನೆ, ಯಾವ ಹುಡುಗಿಯನ್ನು ಮನೆಯವರು ಆಟಕ್ಕೆ ಕಳುಹಿಸಲು ಹಿಂಜರಿಯುತ್ತಾರೆ, ಕಡಲೆಕಾಯಿ ಕೀಳುವ ದಿನಗಳಲ್ಲಿ ಮೈದಾನ ಏಕೆ ಬರಿದಾಗುತ್ತದೆ ಎಂಬುದನ್ನು ಬಲ್ಲವರು ಅವರೇ. ಆ ಮೇಷ್ಟ್ರನ್ನು ದುಭಾಷಿಯಾಗಿ ನಿಲ್ಲಿಸಿ ಮರೆತರೆ ಅದು ಅವಮಾನ. ಜೊತೆಗೆ ಕೂರಿಸಿಕೊಂಡು ‘ಡಿ’ ಲೈಸೆನ್ಸಿನ ಶಿಬಿರಕ್ಕೆ ಕಳುಹಿಸಿ, ಶಾಲೆಯಿಂದ ರಜೆ ಕೊಡಿಸಿ, ಶುಲ್ಕ ಭರಿಸಿದರೆ ಅದು ನಾಡು ಕಟ್ಟುವ ಕೆಲಸ. ಮೇಷ್ಟ್ರ ಪಾಲಿಗೂ ಒಂದು ಕರ್ತವ್ಯವುಂಟು: ತಮಗಿಂತ ಕಿರಿಯನಿಂದ ಕಲಿಯಲು ರಹೀಂ ಅವರಂತೆ ಮನಸ್ಸನ್ನು ತೆರೆದಿಡುವುದು.

ಫರ್ಗ್ಯುಸನ್ ಹಾಗೂ ವೆಂಗರ್ ಅವರ ಹಗೆಯ ಕೊನೆಯನ್ನೂ ಇಲ್ಲಿ ಹೇಳಬೇಕು. 2018ರ ಏಪ್ರಿಲಿನಲ್ಲಿ ವೆಂಗರ್ ಆರ್ಸೆನಲ್ ತೊರೆಯುವ ಮುನ್ನ ಕಡೆಯ ಬಾರಿಗೆ ಮ್ಯಾಂಚೆಸ್ಟರಿಗೆ ಬಂದಾಗ, ಮೈದಾನದಂಚಿನಲ್ಲಿ ನಿಂತು ಅವರಿಗೆ ನೆನಪಿನ ಕಾಣಿಕೆ ಇತ್ತವರು ಅದೇ ಫರ್ಗ್ಯುಸನ್. ಆ ಕೈಕುಲುಕಿಗೆ ಅವರಿಬ್ಬರಿಗೆ ಇಪ್ಪತ್ತೆರಡು ವರ್ಷ ಬೇಕಾಯಿತು. ನಮ್ಮ ಮಕ್ಕಳಿಗೆ ಅಷ್ಟು ಕಾಲ ಕಾಯುವ ವ್ಯವಧಾನವಿಲ್ಲ. ಇಂದು ಹತ್ತು ವರ್ಷದ ಹುಡುಗಿ ಆ ವೇಳೆಗೆ ಆಟದ ವಯಸ್ಸನ್ನೇ ದಾಟಿರುತ್ತಾಳೆ. ಊರ ಗುರುವೂ ಹೊರಗಣ ಗುರುವೂ ಕೈ ಕುಲುಕಬೇಕಾದದ್ದು ಆಕೆ ಇನ್ನೂ ಮೈದಾನದಲ್ಲಿರುವಾಗಲೇ.